ಎದುರಾಳಿಯ ಮನೆಗೂ ಒಂದು ಪಾಲು

ನನ್ನ ಹೆಂಡತಿ ಪಂಚಾಯಿತಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದಾಗ, ಸೋತರೆ ಏನು ಗತಿ ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ, ಗೆದ್ದರೆ ಏನು ಗತಿ ಎಂದೂ ಕೇಳಿದೆ. ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು. ನಾನು ಇನ್ಶೂರೆನ್ಸ್ ಏಜೆಂಟ್. ತಮಿಳುನಾಡಿನ ಕೊಳತ್ತೂರು, ನಂಗವಳ್ಳಿ ಸುತ್ತಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ, ನಾಳೆ ಏನಾದರೂ ಆಗಿಬಿಟ್ಟರೆ ಎಂದು ಜನರನ್ನು ಹೆದರಿಸಿ ಹೊಟ್ಟೆ ಹೊರೆದವನು. ಮಾರಿ ಮಿಕ್ಕ ಭಯವನ್ನೆಲ್ಲ ಸಂಜೆ ಮನೆಗೆ ಹೊತ್ತು ತರುತ್ತೇನೆ ಎಂಬುದು ಅವಳ ದೂರು. ಅದರಲ್ಲಿ ಸುಳ್ಳೇನಿಲ್ಲ.

ಆ ಸಲ ನಮ್ಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಹಿಂದಿನ ಅವಧಿಯಲ್ಲಿ ಅಧ್ಯಕ್ಷನಾಗಿದ್ದವನು ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ. ಕುರ್ಚಿ ಮನೆ ಬಿಟ್ಟು ಹೋಗಬಾರದೆಂದು ಅವನು ತನ್ನ ಹೆಂಡತಿಯನ್ನು, ಅಂದರೆ ನನ್ನ ಅತ್ತಿಗೆಯನ್ನು, ನಿಲ್ಲಿಸಿದ. ಊರು ಅದನ್ನು ಸಹಜವೆಂದೇ ತಿಳಿಯಿತು. ನನ್ನ ಹೆಂಡತಿಗೆ ಮಾತ್ರ ಹಾಗನ್ನಿಸಲಿಲ್ಲ. ನಮ್ಮ ಮೇಲುಬೀದಿಯ ಕೊಳಾಯಿಯಲ್ಲಿ ನೀರು ಬರುವುದು ಅಪರೂಪ. ಮಾಳಿಗೆ ಹತ್ತಿದರೆ ಮೆಟ್ಟೂರು ಅಣೆಕಟ್ಟಿನ ಹಿನ್ನೀರು ಕಣ್ಣು ತುಂಬ ಕಾಣುತ್ತದೆ. ಇದನ್ನು ಅವಳು ಮಹಿಳಾ ಸಂಘದಲ್ಲಿ ಹೇಳಿ ಹೇಳಿ, ಕೊನೆಗೆ ಸಂಘದ ಹೆಂಗಸರೇ ಬೇಸತ್ತು ಹಾಗಾದರೆ ನೀನೇ ನಿಲ್ಲು ಎಂದುಬಿಟ್ಟರು. ಹೀಗೆ ಒಂದೇ ಕುಲದ ಎರಡು ಮನೆಯ ಓರಗಿತ್ತಿಯರು ಒಂದು ಕುರ್ಚಿಗೆ ಎದುರುಬದುರಾದರು.

ನಾಮಪತ್ರಗಳ ಪರಿಶೀಲನೆಯ ದಿನ ಅಣ್ಣ ಸೇಲಂನಿಂದ ವಕೀಲರನ್ನು ಕರೆಸಿದ್ದ. ಚುನಾವಣೆ ಗೆಲ್ಲಲು ಓಟು ಬೇಕು ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಎದುರಿನವರ ಹೆಸರೇ ಮತಪತ್ರದಲ್ಲಿ ಬರದಂತೆ ಮಾಡಿಬಿಟ್ಟರೆ ಓಟಿನ ಚಿಂತೆಯೇ ಇರುವುದಿಲ್ಲ ಎಂದು ಅಂದು ಕಲಿತೆ. ನಮ್ಮ ಮನೆ ತೆರಿಗೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ ಎಂದು ಆ ವಕೀಲರು ಆಕ್ಷೇಪ ಎತ್ತಿದರು. ನನ್ನ ಹೆಂಡತಿಗೆ ನಂಗವಳ್ಳಿಯ ತವರಿನಲ್ಲೂ ಓಟು ಇರಬಹುದು ಎಂದರು. ಚುನಾವಣಾಧಿಕಾರಿ ಒಂದೊಂದನ್ನೂ ತಾಳ್ಮೆಯಿಂದ ಕೇಳಿ, ಒಂದೊಂದನ್ನೂ ತಳ್ಳಿಹಾಕಿದರು. ಅಷ್ಟು ಹೊತ್ತೂ ನಾನು ಪಂಚಾಯಿತಿ ಯೂನಿಯನ್ ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ನಿಂತು, ಒಳಗಿನಿಂದ ಯಾರು ಬಂದರೂ ಪೊಲೀಸರೇ ಎಂದು ಬೆವರುತ್ತಿದ್ದೆ. ಅವಳು ಹೊರಗೆ ಬಂದು, ಒಪ್ಪಿಕೊಂಡರು ಎಂದಾಗ, ಯಾವ ತಪ್ಪನ್ನು ಎಂದು ಕೇಳಿದೆ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಕಾದಿತ್ತು. ನಾವು ಅತ್ತ ಹೋದ ಕೂಡಲೇ ನನ್ನ ಅವ್ವ, ಸೊಸೆಯ ಅರ್ಜಿ ನಿಂತರೆ ಒಂದು ಹೋತ ಕೊಡುತ್ತೇನೆ ಎಂದು ಕುಲದೇವರಿಗೆ ಹರಕೆ ಕಟ್ಟಿಕೊಂಡಿದ್ದಳು. ಅರ್ಜಿ ನಿಂತಿತ್ತು. ಈಗ ಹೋತ ಬೀಳಬೇಕಿತ್ತು.

ನಮ್ಮ ಕುಲದಲ್ಲಿ ದೇವರಿಗೆ ಹೋತ ಕಡಿದರೆ ಅದನ್ನು ಕಡಿಸಿದ ಮನೆಯವರೇ ಬೇಯಿಸಿ ತಿನ್ನುವಂತಿಲ್ಲ. ದೇವರ ಕಟ್ಟೆಯ ಮುಂದೆ ಎಲೆ ಹಾಸಿ, ಕುಲದಲ್ಲಿ ಎಷ್ಟು ಒಲೆಗಳಿವೆಯೋ ಅಷ್ಟು ಗುಡ್ಡೆ ಮಾಡುತ್ತಾರೆ. ತಕ್ಕಡಿ ಇಲ್ಲ, ಹಿರಿಯರೊಬ್ಬರ ಕಣ್ಣೇ ಅಳತೆ. ಪ್ರತಿ ಗುಡ್ಡೆಗೂ ಒಂದಿಷ್ಟು ಮೂಳೆ, ಒಂದಿಷ್ಟು ಕೊಬ್ಬು, ಬೆರಳಿನಷ್ಟಾದರೂ ಈರುಳಿ, ಅಂದರೆ ಲಿವರು, ಬೀಳಬೇಕು. ಕಾರು ಇರುವ ಮನೆಗೂ, ಸೂರು ಹಾರಿಹೋದ ಮನೆಗೂ ಒಂದೇ ಸಮ. ಇದಕ್ಕೆ ಪಂಗು ಎನ್ನುತ್ತಾರೆ, ಪಾಲು. ಹರಕೆ ತೀರಿಸಿದ ಮನೆಯ ಗಂಡಸು ಅದನ್ನು ಬರಿಗಾಲಲ್ಲಿ ಹೊತ್ತುಕೊಂಡು ಪ್ರತಿ ಬಾಗಿಲಿಗೂ ಹೋಗಿ ಕೊಡಬೇಕು. ಮಾತು ಬಿಟ್ಟವರ ಮನೆಗೂ ಹೋಗಬೇಕು, ಕೋರ್ಟಿನಲ್ಲಿ ಗದ್ದೆಯ ಕೇಸು ನಡೆಯುತ್ತಿರುವವರ ಮನೆಗೂ ಹೋಗಬೇಕು. ಒಂದು ಮನೆಗೆ ಪಂಗು ಹೋಗಲಿಲ್ಲವೆಂದರೆ ಆ ಮನೆಯನ್ನು ಕುಲ ಬಿಟ್ಟಿದೆ ಎಂದರ್ಥ. ಆಮೇಲೆ ಆ ಮನೆಯಲ್ಲಿ ಸಾವಾದರೆ ಹೆಗಲು ಕೊಡಲು ಯಾರೂ ಬರುವುದಿಲ್ಲ.

ನಾನು ಅಷ್ಟರಲ್ಲಿ ಚುನಾವಣೆಯ ನೀತಿ ಸಂಹಿತೆಯನ್ನು ಫೋನಿನಲ್ಲಿ ಇಳಿಸಿಕೊಂಡು, ಪಾಲಿಸಿಯ ಷರತ್ತುಗಳನ್ನು ಓದುವಂತೆ ಸಣ್ಣ ಅಕ್ಷರಗಳನ್ನೂ ಬಿಡದೆ ಓದಿದ್ದೆ. ಮತದಾರರಿಗೆ ಊಟ, ಉಡುಗೊರೆ, ಏನನ್ನೂ ಕೊಡುವಂತಿಲ್ಲ. ಚುನಾವಣೆ ಮುಗಿದ ಮೇಲೆ ಹರಕೆ ತೀರಿಸೋಣ ಎಂದು ಅವ್ವನಿಗೆ ಕೈಮುಗಿದೆ.

"ಒಪ್ಕೊಂಡಿರಾದು ದ್ಯಾವ್ರಿಗೆ ಕಣ್ಲಾ," ಎಂದಳು ಅವ್ವ. "ನಿಮ್ಮಾಪೀಸರ್ನ ಕೇಳ್ಕೊಂಡು ತೀರ್ಸಕ್ಕಾಯ್ತದಾ? ಅಷ್ಟು ಎದ್ರಿಕೆ ಇದ್ರೆ ಅವ್ರಿಗೂ ಒಂದು ಪಂಗು ಕೊಟ್ಬುಡು."

ಚುನಾವಣಾಧಿಕಾರಿಯ ಬಾಗಿಲಲ್ಲಿ ನಾನು ಬರಿಗಾಲಲ್ಲಿ ಮಾಂಸದ ಪೊಟ್ಟಣ ಹಿಡಿದು ನಿಂತ ಚಿತ್ರ ಕಣ್ಣ ಮುಂದೆ ಬಂದು, ನಾನು ಆ ವಾದವನ್ನು ಅಲ್ಲಿಗೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಹೋತ ಬಿತ್ತು. ನಾನು ಬಿದಿರು ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿದೆ. ಹೆಂಡತಿ ಜೊತೆಗೆ ಬರಲಿಲ್ಲ. ಬರಬೇಡ ಎಂದು ನಾನೇ ಹೇಳಿದ್ದೆ. ಅವಳ ಚಿಹ್ನೆ ಕತ್ತರಿ. ಆ ದಿನ ನಮ್ಮ ಮನೆಯಲ್ಲಿದ್ದ ನಿಜವಾದ ಕತ್ತರಿಗಳನ್ನೂ ಪೆಟ್ಟಿಗೆಯೊಳಗೆ ಇಡಿಸಿದ್ದೆ. ಯಾರ ಬಾಗಿಲಲ್ಲೂ ಓಟಿನ ಮಾತೆತ್ತಲಿಲ್ಲ. ಓಟಿನ ಮಾತೇನು, ಮಳೆಯ ಮಾತನ್ನೂ ಎತ್ತಲಿಲ್ಲ. ಒಬ್ಬ ಮುದುಕರು, ಏನಪ್ಪಾ ಸೊಸೆ ಗೆಲ್ತಾಳಾ ಎಂದು ಕೇಳಿದ್ದಕ್ಕೆ, ಯಾವ ಸೊಸೆ ಎಂದು ಕೇಳಿ ಓಡಿಬಂದೆ.

ಕೊನೆಯ ಪಾಲು ಅಣ್ಣನ ಮನೆಯದು. ಅಣ್ಣ ಪ್ರಚಾರಕ್ಕೆ ಹೋಗಿದ್ದ. ದೊಡ್ಡವ್ವ, ಅಂದರೆ ಅಣ್ಣನ ತಾಯಿ, ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನ ಅವ್ವನಿಗಿಂತ ಹಿರಿಯಳು, ಬೆನ್ನು ಬಾಗಿದೆ, ಕಿವಿ ಮಾತ್ರ ಚುರುಕು. ಅತ್ತಿಗೆ ಬಾಗಿಲಿಗೆ ಬಂದು ಪೊಟ್ಟಣವನ್ನೂ ನನ್ನನ್ನೂ ನೋಡಿ ನಿಂತುಬಿಟ್ಟಳು. ಕೈ ಚಾಚಲಿಲ್ಲ. ನನಗೂ ಅದೇ ಬೇಕಾಗಿತ್ತೇನೋ, ಹಿಂದಕ್ಕೊಂದು ಹೆಜ್ಜೆ ಇಟ್ಟೆ. ದೊಡ್ಡವ್ವ ತಲೆಯೆತ್ತದೆ, ಪಾತ್ರೆ ತಂದು ಈಸ್ಕೊ ಎಂದಳು. ಅತ್ತಿಗೆ ಪಾತ್ರೆ ತಂದಳು. ಪಂಗು ಮನೆ ಸೇರಿತು. ಬರಿಗಾಲಿಗೆ ಡಾಂಬರು ಸುಡುತ್ತಿತ್ತು. ಆದರೂ ಆ ದಿನಗಳಲ್ಲಿ ನಾನು ನೆಮ್ಮದಿಯಿಂದ ನಡೆದದ್ದು ಅಲ್ಲಿಂದ ನಮ್ಮ ಮನೆಯವರೆಗೆ ಮಾತ್ರ.

ಮಾರನೆಯ ಬೆಳಿಗ್ಗೆ ನನ್ನ ಫೋಟೋ ಎಲ್ಲರ ಫೋನಿನಲ್ಲೂ ಇತ್ತು. ಅಣ್ಣನ ಜೊತೆ ತಿರುಗುವವರಲ್ಲಿ ಯಾರೋ ತೆಗೆದದ್ದು. ಒಬ್ಬ ವಿಧವೆಯ ಬಾಗಿಲಲ್ಲಿ ನಾನು ಬಗ್ಗಿ ಪೊಟ್ಟಣ ಕೊಡುತ್ತಿದ್ದೇನೆ, ಹೊಟ್ಟೆ ಬುಟ್ಟಿಗಿಂತ ಮುಂದಿದೆ. ಕೆಳಗೆ ತಮಿಳಿನಲ್ಲಿ, ಕತ್ತರಿ ಚಿಹ್ನೆಯ ಅಭ್ಯರ್ಥಿ ಮಾಂಸ ಕೊಟ್ಟು ಓಟು ಕೊಳ್ಳುತ್ತಿರುವುದು ನೋಡಿ ಎಂಬ ಬರಹ. ಅಂಥದೇ ಇನ್ನೂ ಕೆಲವು ಫೋಟೋಗಳು, ಬೇರೆ ಬೇರೆ ಬಾಗಿಲು. ಅಣ್ಣನ ಬಾಗಿಲಿನದು ಮಾತ್ರ ಇರಲಿಲ್ಲ.

ಮಧ್ಯಾಹ್ನಕ್ಕೆ ಪರಕ್ಕುಂ ಪಡೈ ಬಂತು, ಚುನಾವಣೆಯ ಸಂಚಾರಿ ದಳ. ಬಿಳಿ ಜೀಪು, ಒಬ್ಬ ಅಧಿಕಾರಿ, ಒಬ್ಬ ಪೊಲೀಸು, ವಿಡಿಯೋ ಹಿಡಿಯುವವನೊಬ್ಬ. ಅವನು ನಮ್ಮ ಅಡುಗೆಮನೆ, ಬುಟ್ಟಿ, ಹಿತ್ತಲಿನಲ್ಲಿ ಒಣಗಲು ಹಾಕಿದ್ದ ಹೋತದ ಚರ್ಮ ಎಲ್ಲವನ್ನೂ ಚಿತ್ರಿಸಿದ. ಬಿಸಿಲಿನಲ್ಲಿ ಬಂದಿದ್ದಾರೆಂದು ಹೆಂಡತಿ ಮಜ್ಜಿಗೆ ತರಲು ಹೊರಟಳು. ನಾನು ಅವಳ ಸೆರಗು ಹಿಡಿದು ಎಳೆದೆ. ನೀರಾದರೂ ಕೊಡಲೇ ಎಂದಳು. ನೀರು ಕೊಡಬಹುದೋ ಬಾರದೋ ಎಂದು ನಾನು ಫೋನಿನಲ್ಲಿ ಹುಡುಕುತ್ತಿರುವಾಗಲೇ ಅವರು, ಗುರುವಾರ ಚುನಾವಣಾಧಿಕಾರಿಯ ಮುಂದೆ ಬಂದು ಉತ್ತರ ಕೊಡಬೇಕೆಂದು ಹೇಳಿ ಹೊರಟುಹೋದರು.

ಅಲ್ಲಿಂದ ಗುರುವಾರದವರೆಗೆ ನಾನು ಊಟ ಮಾಡಿದ ನೆನಪಿಲ್ಲ. ಮೋಟರ್ ಸದ್ದು ಕೇಳಿದರೆ ಹಿತ್ತಲಿಗೆ ಓಡುತ್ತಿದ್ದೆ. ನಮ್ಮ ಬೀದಿಯಲ್ಲಿ ಮೀನಿನ ಗಾಡಿಯಿಂದ ಹಿಡಿದು ಐಸ್ ಗಾಡಿಯವರೆಗೆ ಎಲ್ಲಕ್ಕೂ ಮೋಟರ್ ಇದೆ. ಅದಕ್ಕಿಂತ ಕೆಟ್ಟದ್ದು ಜನರ ಭಯ. ಪಂಗು ತಿಂದವರ ಮೇಲೂ ಕೇಸು ಬೀಳುತ್ತದಂತೆ ಎಂದು ಯಾರೋ ಹಬ್ಬಿಸಿದ್ದರು. ಫೋಟೋದಲ್ಲಿದ್ದ ವಿಧವೆ ಬಂದು, ನನ್ನನ್ನು ಪೊಲೀಸರು ಕರೆದೊಯ್ದರೆ ಎಮ್ಮೆ ಯಾರು ಕಟ್ಟುತ್ತಾರೆ ಎಂದು ಅತ್ತಳು. ಬೀದಿಯಲ್ಲಿ ನಮ್ಮನ್ನು ಕಂಡವರು ಏನೋ ಮರೆತವರಂತೆ ತಿರುಗಿ ಒಳಗೆ ಹೋಗುತ್ತಿದ್ದರು. ಮಂಗಳವಾರ ಸಂಜೆ, ಕುಲದವರೇ ಒಬ್ಬರು ಮುಚ್ಚಳ ಹಾಕಿದ ಪಾತ್ರೆಯೊಂದನ್ನು ನಮ್ಮ ಜಗಲಿಯ ಮೇಲಿಟ್ಟು ಮಾತಾಡದೆ ಹೋದರು. ಅವ್ವ ಮುಚ್ಚಳ ತೆಗೆದಳು. ಭಾನುವಾರದ ಪಂಗು, ಸಾರು ಮಾಡಿ, ತಿನ್ನದೆ, ವಾಪಸು ತಂದಿದ್ದರು.

ಅವ್ವ ಅಳುವವಳಲ್ಲ. ಅಂದೂ ಅಳಲಿಲ್ಲ. ಪಾತ್ರೆಯ ಪಕ್ಕದಲ್ಲಿ ಕೂತು, "ನಾನು ಕಂಡಂಗೆ ಯಾರೂ ಪಂಗು ತಿರುಗ್ಸಿಲ್ಲ ಕಣಪ್ಪಾ," ಎಂದಳು, ಅಷ್ಟೆ. ಜೈಲು, ದಂಡ, ಪತ್ರಿಕೆಯಲ್ಲಿ ಹೆಸರು ಎಂದು ನಾನು ಏನೇನೋ ಹೆದರಿಕೊಂಡಿದ್ದೆ. ಆ ಸಾಲಿನಲ್ಲಿ ಈ ಪಾತ್ರೆ ಇರಲಿಲ್ಲ. ಹೀಗೆಯೇ ಒಂದೊಂದು ಮನೆಯಿಂದಲೂ ಬಂದರೆ ಎಂದುಕೊಂಡು ಬೀದಿಯ ಎರಡೂ ಕೊನೆ ನೋಡಿದೆ.

ಬುಧವಾರ ಗಂಡಹೆಂಡಿರು ಮೆಟ್ಟೂರಿನ ವಕೀಲರೊಬ್ಬರ ಬಳಿ ಹೋದೆವು. ಚಿಕ್ಕ ಪ್ರಾಯದವರು, ನಗುಮುಖ. ನನ್ನ ಮುಖ ನೋಡಿದ ಕೂಡಲೇ, ಬಯಪ್ಪಡಾದೀಂಗ ಸಾರ್, ಹೆದರಬೇಡಿ ಎಂದರು. ವಕೀಲರು ಹಾಗೆಂದರೆ ಹೆದರಲು ಏನೋ ಇದೆ ಎಂದೇ ಅರ್ಥ. ನಾನೂ ಗಿರಾಕಿಗಳಿಗೆ ಹಾಗೇ ಅನ್ನುತ್ತೇನೆ. ಅವರು ತಮಿಳಿನಲ್ಲಿ ಬಿಡಿಸಿ ಹೇಳಿದರು. ಅರ್ಜಿ ಒಪ್ಪಿಯಾಗಿದೆ, ಈಗ ಹೆಸರು ತೆಗೆಯುವುದು ಸುಲಭವಲ್ಲ. ಎದುರಿನವರಿಗೂ ಅದು ಗೊತ್ತು. ಅವರಿಗೆ ಬೇಕಾದದ್ದು ಒಂದು ಕೇಸು. ಇದು ಲಂಚ ಎಂದು ಅಧಿಕಾರಿ ಪೊಲೀಸರಿಗೆ ಬರೆದುಬಿಟ್ಟರೆ ಸಾಕು. ಜನ ಹೆದರಿ ಓಟು ಹಾಕುವುದಿಲ್ಲ. ಹಾಕಿ ನೀವು ಗೆದ್ದರೂ ಅದೇ ಕೇಸನ್ನು ಹಿಡಿದು ಗೆಲುವು ಸಲ್ಲದು ಎಂದು ಕೋರ್ಟಿಗೆ ಹೋಗುತ್ತಾರೆ. ಶಿಕ್ಷೆಯಾದರೆ ಮುಂದೆ ನಿಲ್ಲುವ ಅರ್ಹತೆಯೂ ಹೋಗಬಹುದು.

ಉಪಾಯವೇನು ಎಂದು ಹೆಂಡತಿ ಕೇಳಿದಳು.

ಉಪಾಯ ಅವರ ಬಳಿ ಸಿದ್ಧವಾಗಿತ್ತು. ಕಾನೂನಿನಲ್ಲಿ ಲಂಚ ಕೊಟ್ಟವರು ಮಾತ್ರವಲ್ಲ, ತೆಗೆದುಕೊಂಡವರೂ ತಪ್ಪಿತಸ್ಥರೇ. ಎದುರಾಳಿಯ ಮನೆಗೂ ಪಾಲು ಹೋಗಿದೆಯಲ್ಲ? ಎದುರಾಳಿಯೇ ಕೈಯಾರೆ ಪಾತ್ರೆ ತಂದು ಈಸಿಕೊಂಡಿದ್ದಾರಲ್ಲ? ಹಾಗಾದರೆ, ಆ ಅಭ್ಯರ್ಥಿಯೂ ಲಂಚ ತಿಂದಿದ್ದಾರೆ ಎಂದು ನಾವೇ ಇಂದೇ ಒಂದು ದೂರು ಹಾಕೋಣ. ಸಾಯಂಕಾಲದೊಳಗೆ ಅವರೇ ರಾಜಿಗೆ ಬರುತ್ತಾರೆ.

ಎಂಥ ಸೊಗಸಾದ ಉಪಾಯ! ಭಯಸ್ಥನಿಗೆ ಇನ್ನೊಬ್ಬರೂ ಹೆದರುತ್ತಾರೆ ಎಂಬುದಕ್ಕಿಂತ ದೊಡ್ಡ ಸಮಾಧಾನವಿಲ್ಲ. ನಾನು ಆಗಲೇ ಪೆನ್ನು ತೆಗೆದಿದ್ದೆ. ಹೆಂಡತಿ, ವಕೀಲರಿಗೆ ತಿಳಿಯದಂತೆ ನನ್ನ ಕಡೆ ತಿರುಗಿ ನಮ್ಮ ಮನೆಮಾತು ಕನ್ನಡದಲ್ಲಿ ಹೇಳಿದಳು:

"ಅವ್ಳು ಲಂಚ ತಿಂದ್ಲು ಅಂತ ನಾವು ಬರ್ಕೊಟ್ರೆ, ನಾವು ಕೊಟ್ಟಿದ್ದು ಲಂಚ ಅಂತ ನಾವೇ ಒಪ್ಕೊಂಡಂಗಲ್ವಾ? ಆವಾಗ ಎಮ್ಮೆ ಕಟ್ಟೋ ಆಯಮ್ಮನೂ ಲಂಚ ತಿಂದೋಳೇ. ಕುಲನೆಲ್ಲ ಸೇರ್ಸಿ ನಾವೇ ಇಡ್ಕೊಟ್ಟಂಗಾಯ್ತದೆ."

"ನಿನ್ ಮ್ಯಾಲೆ ಕೇಸು ಬಿದ್ರೆ?"

"ಬಿದ್ರೆ ನನ್ ಮ್ಯಾಲೆ ಬೀಳ್ಲಿ. ನೀವ್ಯಾಕೆ ಬೆವರ್ತಿದ್ದೀರ?"

ನಾನು ಯಾಕೆ ಬೆವರುತ್ತಿದ್ದೇನೆ ಎಂದು ಈಕೆಗೆ ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಗೊತ್ತಿಲ್ಲವೇ ಅನ್ನಿಸಿತು. ಫೋಟೋದಲ್ಲಿ ಇದ್ದವನು ನಾನು.

ದೂರು ಬೇಡ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ ಎಂದು ಅವಳು ವಕೀಲರಿಗೆ ತಿಳಿಸಿದಳು. ಕುಲದ ಎಲ್ಲ ಮನೆಗೂ ಕೊಟ್ಟೆವು, ಎದುರು ನಿಂತವರ ಮನೆಗೂ ಕೊಟ್ಟೆವು. ಓಟು ಕೊಳ್ಳುವವರು ಎದುರಾಳಿಗೆ ಹೋಗಿ ಕೊಡುತ್ತಾರೆಯೇ? ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಇದು ಒಳ್ಳೆಯ ವಾದವೇ, ಆದರೆ ಇದರ ಕೀಲಿ ಎದುರಿನವರ ಕೈಯಲ್ಲಿದೆ ಎಂದರು. ನಮಗೇನೂ ಬಂದಿಲ್ಲ ಎಂದು ಅವರು ಒಂದು ಮಾತು ಹೇಳಿದರೆ, ತಮ್ಮ ಕಡೆಯವರಿಗೆ ಮಾತ್ರ ಹಂಚಿದರು ಎಂದಾಗುತ್ತದೆ. ಹಂಚಿದ್ದನ್ನು ನೀವೇ ಒಪ್ಪಿಕೊಂಡಿರುತ್ತೀರಿ. ಅಲ್ಲಿಗೆ ಮುಗಿಯಿತು.

ಅವರು ಆ ಒಂದು ಮಾತು ಹೇಳುತ್ತಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಎರಡು ಸಲ ಹೇಳುತ್ತಿದ್ದೆ.

ಗುರುವಾರ ಯೂನಿಯನ್ ಆಫೀಸಿನ ಸಭೆ ಕೋಣೆಯಲ್ಲಿ ಚುನಾವಣಾಧಿಕಾರಿಯ ಮೇಜಿನ ಮುಂದೆ ಒಂದು ಕಡೆ ನಾವು, ನಮ್ಮ ನಗುಮುಖದ ವಕೀಲರು. ಇನ್ನೊಂದು ಕಡೆ ಅಣ್ಣ, ಅತ್ತಿಗೆ, ಸೇಲಂನ ವಕೀಲರು. ಅವರ ಹಿಂದೆ ಗೋಡೆಗೊರಗಿದ ಕುರ್ಚಿಯಲ್ಲಿ ದೊಡ್ಡವ್ವ. ಅವಳನ್ನು ಯಾಕೆ ಕರೆತಂದಿದ್ದಾರೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕುಲದೇವರಿಗೆ ಹೋತ ಕಡಿಯುವುದು ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ ಮಾತ್ರ, ಇವರು ಓಟಿಗಾಗಿ ಈಗ ಕಡಿದಿದ್ದಾರೆ ಎಂಬುದು ಅವರ ವಾದ. ಅದಕ್ಕೆ ಕುಲದ ಹಿರಿಯಳೇ ಸಾಕ್ಷಿ.

ಸೇಲಂನ ವಕೀಲರು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ನನ್ನ ಹೊಟ್ಟೆ ಸರ್ಕಾರಿ ಮೇಜಿನ ಮೇಲೆ ಅಷ್ಟು ಸಲ ಕಾಣಿಸಿಕೊಂಡದ್ದು ಅದೇ ಮೊದಲು. ಅಧಿಕಾರಿ ನನ್ನನ್ನೂ ಫೋಟೋವನ್ನೂ ನೋಡಿ, ಇದು ನೀವೇನಾ ಎಂದು ತಮಿಳಿನಲ್ಲಿ ಕೇಳಿದರು. ಹೌದು ಎಂದೆನೋ ಇಲ್ಲವೆಂದೆನೋ ನೆನಪಿಲ್ಲ. ಹೆಂಡತಿ ಎದ್ದು ನಿಂತು, ಹರಕೆ, ಗುಡ್ಡೆ, ಬರಿಗಾಲು ಎಲ್ಲವನ್ನೂ ಹೇಳಿದಳು. ಎದುರು ನಿಂತ ಅಕ್ಕನ ಮನೆಗೂ ಪಾಲು ಹೋಗಿದೆ ಎಂದು ಹೇಳಿ ಕೂತಳು. ಅವಳು ಅತ್ತಿಗೆಯ ಕಡೆ ನೋಡಲಿಲ್ಲ. ಅತ್ತಿಗೆ ನೆಲ ನೋಡುತ್ತಿದ್ದಳು.

ನಿಮ್ಮ ಮನೆಗೆ ಬಂತೇ ಎಂದು ಅಧಿಕಾರಿ ಅತ್ತಿಗೆಯನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲು ಅಣ್ಣ ಎದ್ದು, ನಮ್ಮ ಮನೆಗೆ ಏನೂ ಬಂದಿಲ್ಲ ಸಾರ್ ಎಂದ. ಗಟ್ಟಿಯಾಗಿ, ಮೈಕಿನಲ್ಲಿ ಮಾತಾಡುವವನಂತೆ.

ಮುಗಿಯಿತು ಎಂದುಕೊಂಡೆ. ನಮ್ಮ ವಕೀಲರು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ವಿಧವೆಯ ಎಮ್ಮೆ ಬಿಚ್ಚಿಕೊಂಡು ಊರೆಲ್ಲ ಅಲೆಯುವುದು ನನಗೆ ಕಂಡಿತು. ಆಗ ಗೋಡೆಯ ಬದಿಯಿಂದ ಮಾತು ಬಂತು.

"ಬರ್ನಿಲ್ವಾ?" ಎಂದಳು ದೊಡ್ಡವ್ವ, ಮಗನಿಗೆ, ನಮ್ಮ ಮಾತಿನಲ್ಲಿ. "ಅಂಗಾರೆ ಕುಲದೋರು ನಮ್ಮುನ್ನ ಬುಟ್ಬುಟ್ರಾ?"

ಅಣ್ಣ ಹಲ್ಲು ಕಚ್ಚಿ, ಸುಮ್ಕಿರವ್ವಾ ಎಂದ.

"ಸುಮ್ಕಿರಾದೆಂಗ್ಲಾ? ನಾಳೆ ನಾನ್ ಸತ್ರೆ ಒರಾಕೆ ಯಾರ್ ಬತ್ತಾರೆ, ಈ ವಕ್ಕೀಲ್ರಾ?" ಅವಳು ಕೋಲು ಊರಿ ಎದ್ದಳು. "ಬರ್ನಿಲ್ಲ ಅಂದ್ರೆ ಭಾನುವಾರ ನಾನುಂಡಿದ್ದೇನು?"

ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅಣ್ಣನ ಮುಖ ಎಲ್ಲ ಭಾಷೆಯಲ್ಲೂ ಇತ್ತು. ಅವರು ದೊಡ್ಡವ್ವನನ್ನು ಹತ್ತಿರ ಕರೆದು, ಪಾಟಿ, ಅಜ್ಜೀ, ನಿಮ್ಮ ಮನೆಗೆ ಪಂಗು ಬಂತಾ ಎಂದು ತಮಿಳಿನಲ್ಲಿ ಮೆತ್ತಗೆ ಕೇಳಿದರು.

"ವಂದುಚ್ಚು ಸಾರ್," ಎಂದಳು. ಬಂತು. ಆಮೇಲೆ ನನ್ನ ಕಡೆ ತಿರುಗಿ, ಗುಡ್ಡೆಯಲ್ಲಿ ಈರುಳಿ ಸಣ್ಣದಾಗಿತ್ತು, ಯಾರು ಹಾಕಿದ್ದು ಎಂದು ವಿಚಾರಿಸಿದಳು. ನಾನು ಕೈಮುಗಿದೆ. ಅಪರಾಧ ಒಪ್ಪಿಕೊಳ್ಳಲು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಸೇಲಂನ ವಕೀಲರು ಬಿಡಲಿಲ್ಲ. ಮಾಸಿ ತಿಂಗಳಲ್ಲಿ ತಾನೇ ಹೋತ ಕಡಿಯುವುದು ಎಂದು ಅವಳನ್ನೇ ಕೇಳಿದರು. ಕುಲದ ಹಬ್ಬದ್ದು ಮಾಸಿಯಲ್ಲಿ, ಹರಕೆಯದು ಯಾವಾಗ ಹೊತ್ತರೆ ಆವಾಗ ಎಂದು ದೊಡ್ಡವ್ವ ಹೇಳಿದಳು. ಅಷ್ಟೇ ಅಲ್ಲ, ಮಗ ಹಿಂದಿನ ಸಲ ನಿಂತಾಗ ತಾನೂ ಹೊತ್ತಿದ್ದೆ, ಆಗ ಇವರ ಮನೆಗೂ ಪಂಗು ಹೋಗಿತ್ತು ಎಂದು ಸೇರಿಸಿದಳು. ಅಣ್ಣ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಅವನಿಗೂ ನನ್ನ ಹಾಗೆಯೇ ಬೆವರುತ್ತದೆ ಎಂದು ಅಂದು ಗೊತ್ತಾಯಿತು. ನಮ್ಮದು ಒಂದೇ ರಕ್ತವಲ್ಲವೇ.

ಅಧಿಕಾರಿ ತುಸು ಹೊತ್ತು ಬರೆದರು. ಆ ಪೆನ್ನಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎರಡೂ ಕಡೆಯ ಮನೆಗೆ ಹೋದ ಕುಲದ ಪಾಲನ್ನು ಲಂಚವೆಂದು ಪೊಲೀಸರಿಗೆ ಕಳಿಸಲು ತನಗೆ ಆಧಾರ ಕಾಣುವುದಿಲ್ಲ, ಒಪ್ಪಿಗೆಯಿಲ್ಲದವರು ಚುನಾವಣೆಯ ನಂತರ ಕೋರ್ಟಿಗೆ ಹೋಗಬಹುದು ಎಂದರು. ಮತ್ತೆ ನನ್ನ ಹೆಂಡತಿಯನ್ನು ನೋಡಿ, ಇನ್ನೂ ಯಾವುದಾದರೂ ಹರಕೆ ಬಾಕಿ ಇದ್ದರೆ ಎಣಿಕೆ ಮುಗಿಯುವವರೆಗೆ ದೇವರ ಹತ್ತಿರ ಅವಕಾಶ ಕೇಳಿಕೊಳ್ಳಿ ಎಂದರು. ನಗಲಿಲ್ಲ. ಇದು ಎಚ್ಚರಿಕೆಯೋ ಹಾಸ್ಯವೋ ಎಂದು ನಾನು ವಕೀಲರನ್ನು ಕೇಳಿದೆ. ಎರಡೂ ಎಂದರು.

ಹೊರಗೆ ಬಂದಾಗ ಅಣ್ಣನ ಕಾರು ಆಗಲೇ ರಸ್ತೆಗೆ ಇಳಿದಿತ್ತು. ಹಿಂದಿನ ಸೀಟಿನಿಂದ ಅತ್ತಿಗೆ ತಿರುಗಿ ತಿರುಗಿ ನೋಡುತ್ತಿದ್ದಳು, ಕಾರು ನಿಲ್ಲಲಿಲ್ಲ. ಬೇವಿನ ಮರದ ಕೆಳಗೆ ದೊಡ್ಡವ್ವ ಒಬ್ಬಳೇ ಕೋಲು ಹಿಡಿದು ನಿಂತಿದ್ದಳು. ಕೋಪ ಇಳಿದರೆ ಬರುತ್ತಾನೆ ಬಿಡು ಎಂದಳು. ಆದರೆ ಕಣ್ಣು ರಸ್ತೆಯ ಮೇಲೆಯೇ ಇತ್ತು. ಹೆಂಡತಿ ಅವಳ ತೋಳು ಹಿಡಿದು ಬಸ್ ನಿಲ್ದಾಣದ ಕಡೆ ನಡೆಸಿಕೊಂಡು ಹೊರಟಳು.

ನಾನು ಹಿಂದೆ ಹಿಂದೆ ಹೋದೆ, ಹೊಸದೊಂದು ಚಿಂತೆಯನ್ನು ತಲೆಯಲ್ಲಿ ಹೊತ್ತು. ಮತದಾರರನ್ನು ಅಭ್ಯರ್ಥಿಯ ಕಡೆಯವರು ವಾಹನದಲ್ಲಿ ಕರೆದೊಯ್ಯಬಾರದು ಎಂದು ಆ ಸಣ್ಣ ಅಕ್ಷರಗಳಲ್ಲಿ ಓದಿದ್ದೆ. ಅದು ಮತದಾನದ ದಿನಕ್ಕೋ, ಎಲ್ಲ ದಿನಕ್ಕೋ? ಬಸ್ಸು ವಾಹನವೇ. ಎದುರಾಳಿಯ ಅತ್ತೆ ಮತದಾರಳೇ. ನಾನು ಟಿಕೆಟ್ ತೆಗೆಸಿದರೆ ಕರೆದೊಯ್ದವನು ನಾನೇ. ಬಸ್ಸು ಹತ್ತಿದ ಮೇಲೂ ಸುತ್ತ ಯಾರು ಫೋನು ಎತ್ತಿ ಹಿಡಿದಿದ್ದಾರೆಂದು ನೋಡುತ್ತಲೇ ಇದ್ದೆ, ಎಲ್ಲರೂ ಹಿಡಿದಿದ್ದರು. ಕಂಡಕ್ಟರ್ ಬಂದು ಅವರಿಬ್ಬರಿಗೂ ದುಡ್ಡಿಲ್ಲದ ಚೀಟಿ ಹರಿದು ಕೊಟ್ಟು ನನ್ನ ಕಡೆ ಕೈ ಚಾಚಿದಾಗಲೇ, ನಮ್ಮ ಕಡೆ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಕೊಳ್ಳಬೇಕಿಲ್ಲ ಎಂಬುದು ನನಗೆ ನೆನಪಾದದ್ದು. ಸರ್ಕಾರ ನನಗಾಗಿ ಮಾಡಿದ ಒಂದೇ ಉಪಕಾರ ಅದು ಎಂದು ಅಂದು ಅನ್ನಿಸಿತು. ನನ್ನೊಬ್ಬನ ಟಿಕೆಟ್ ತೆಗೆದುಕೊಂಡೆ.

ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಬಸ್ಸು ಹೊರಟ ಮೇಲೆ ಹೆಂಡತಿ ಏನೋ ಹೇಳಲು ಹೋದಳು. ದೊಡ್ಡವ್ವ ಕಿಟಕಿಯ ಕಡೆ ಮುಖ ಮಾಡಿಯೇ ತಡೆದಳು.

"ಓಟು ಕೇಳ್ಬ್ಯಾಡ ಕಣವ್ವಾ. ನನ್ ಓಟು ನನ್ ಸೊಸೆಗೇಯ."

"ಕೇಳ್ನಿಲ್ಲ ದೊಡ್ಡತ್ತೆ. ಕಾಲು ನೋಯ್ತೈತಾ ಅಂತ ಕೇಳಾಕೆ ಬಂದೆ."

"ನೋಯ್ತೈತೆ," ಎಂದಳು ದೊಡ್ಡವ್ವ.

ಹೆಂಡತಿ ಬಗ್ಗಿ ಅವಳ ಕಾಲಿನ ಬಳಿ ಅಡ್ಡವಾಗಿದ್ದ ಕೋಲನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ನಿಂತಿದ್ದ ಇನ್ನೊಬ್ಬ ಹೆಂಗಸಿಗೆ ಜಾಗ ಬಿಡುತ್ತ, ಸಿಕ್ಕ ಅವಕಾಶ ಬಿಡಬಾರದು ಎಂಬಂತೆ, ಅಕ್ಕಾ, ನಮ್ಮ ಚಿಹ್ನೆ ಕತ್ತರಿ ಎಂದು ಶುರು ಮಾಡಿದಳು. ಮೇಲುಬೀದಿಯ ನೀರು, ಕೆಟ್ಟ ಮೋಟರು, ಎಲ್ಲ ಬಂತು. ಆ ಹೆಂಗಸು ತಲೆಯಾಡಿಸುತ್ತಿದ್ದಳು. ದೊಡ್ಡವ್ವ ಸ್ವಲ್ಪ ದೂರದವರೆಗೆ ಕೇಳಿಸಿಕೊಂಡು, ಮೊಣಕೈಯಿಂದ ನನ್ನ ಹೆಂಡತಿಯನ್ನು ತಿವಿದಳು.

"ಅವ್ಳು ಕಾರಿಮಂಗಲದೋಳು ಕಣೇ, ನೆಂಟ್ರ ಮನೆಗ್ ಬಂದವ್ಳೆ. ಸುಮ್ಕೆ ಗಂಟ್ಲು ನೋಯಿಸ್ಕೋಬ್ಯಾಡ. ನಮ್ಮೂರೋರು ಹಿಂದ್ಗಡೆ ಸೀಟಲ್ ಅವ್ರೆ, ಓಗು."